ಹದಿನೇಳು ಪಾಯಿಂಟ್ ನಾಲ್ಕು

“ಮುಟ್ಟಬೇಡಿ ಮೇಡಂ! ಉಸಿರು ಬಿಟ್ರೂ ಅದು ಲೆಕ್ಕಕ್ಕೆ ತಗೊಳ್ಳುತ್ತೆ.”

ಇನ್‌ಸ್ಪೆಕ್ಟರ್ ಕೈ ಹಿಂದಕ್ಕೆ ಎಳೆದುಕೊಂಡಳು. ಗಾಜಿನ ಪೆಟ್ಟಿಗೆಯೊಳಗಿದ್ದ ತಕ್ಕಡಿಯ ಅಂಕಿಗಳು ಅವಳ ತೋಳಿನ ಗಾಳಿಗೇ ಬೆಚ್ಚಿದಂತೆ ಓಡಾಡಿ, ಮತ್ತೆ ಸೊನ್ನೆಗೆ ಬಂದು ನಿಂತವು.

“ನನ್ನ ಉಸಿರು ಎಷ್ಟು ತೂಗ್ತು?”

“ನಿಮ್ಮದು ನಿಟ್ಟುಸಿರು. ಸ್ವಲ್ಪ ಜಾಸ್ತಿನೇ ತೂಗುತ್ತೆ.”

ಹಾಗೆಂದವರು ಪ್ರಯೋಗಾಲಯದ ಉಗ್ರಾಣ ನೋಡಿಕೊಳ್ಳುವ ಹಿರಿಯರು. ಅಲ್ಲಿ ಎಲ್ಲರಿಗೂ ಅವರು ಸ್ಟೋರ್ ಮಾಮ. ಇನ್‌ಸ್ಪೆಕ್ಟರಿಗೂ ಒಂದು ಅಡ್ಡಹೆಸರಿತ್ತು. ಇಲಾಖೆಯಲ್ಲಿ ಬೆನ್ನ ಹಿಂದೆ ಅವಳನ್ನು ನಿಧಾನಮ್ಮ ಎನ್ನುತ್ತಿದ್ದರು. ಯಾವ ಕಾಗದವನ್ನೂ ಮೂರು ಸಲ ಓದದೆ ಸಹಿ ಹಾಕುವವಳಲ್ಲ. ಮೊದಮೊದಲು ಆ ಹೆಸರು ಚುಚ್ಚುತ್ತಿತ್ತು. ಈಗ ಅದೂ ಸಮವಸ್ತ್ರದಂತೆ ಮೈಗೆ ಹೊಂದಿಕೊಂಡಿತ್ತು.

ಹನ್ನೊಂದು ದಿನದ ಹಸುಗೂಸೊಂದು ಈ ತಿಂಗಳ ಆರನೇ ತಾರೀಕು ಸತ್ತಿತ್ತು. ಈ ಪ್ರಯೋಗಾಲಯದ ವರದಿ ಅದರ ಮೂತ್ರವನ್ನು ‘ಸಾಮಾನ್ಯ’ ಎಂದಿತ್ತು. ಪರೀಕ್ಷೆ ಮಾಡಿದ ಟೆಕ್ನಿಷಿಯನ್ನಳನ್ನು ನಿರ್ಲಕ್ಷ್ಯದ ಆರೋಪದ ಮೇಲೆ ಇವತ್ತು, ಇಪ್ಪತ್ತಾರರ ಸಂಜೆ ಐದಕ್ಕೆ ಬಂಧಿಸಬೇಕಿತ್ತು.

ಗೋಡೆಯ ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಪೇದೆ ಗಂಟಲು ಸರಿಮಾಡಿಕೊಂಡ. “ಮೇಡಂ, ಕೆಳಗೆ ಮೂರು ಜನ ಒಂದೇ ಮಾತು ಹೇಳಿದ್ರು. ಎಲ್ಲಾ ಒರಟನಿಂದ ಆಗಿದ್ದು ಅಂತೆ. ಹಾಜರಿ ಪುಸ್ತಕ ಪೂರ್ತಿ ಹುಡುಕಿದೆ. ಆ ಹೆಸರಿನವನು ಯಾರೂ ಇಲ್ಲ. ತಲೆ ತಪ್ಪಿಸ್ಕೊಂಡಿರ್ಬೇಕು.”

ಸ್ಟೋರ್ ಮಾಮ ಅವನನ್ನೇ ನೋಡಿದರು. ಆಮೇಲೆ ಗೋಡೆಗೆ ಒರಗಿ, ಶಬ್ದವಿಲ್ಲದೆ, ಹೊಟ್ಟೆ ಕುಲುಕುವಂತೆ ನಕ್ಕರು. ಎರಡು ವಾರದಿಂದ ಆ ಕಟ್ಟಡದಲ್ಲಿ ಯಾರೂ ನಕ್ಕಿರಲಿಲ್ಲವೇನೋ. ನಕ್ಕಿದ್ದಕ್ಕೆ ಅವರಿಗೇ ನಾಚಿಕೆಯಾಗಿ ಕನ್ನಡಕ ತೆಗೆದು ಒರೆಸಿಕೊಂಡರು.

“ಇಲ್ಲೇ ಇದ್ದಾನಪ್ಪ ನಿಮ್ಮ ಆರೋಪಿ.” ಕಪಾಟಿನಿಂದ ಎರಡು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಂದು ಖಾಲಿ. ಇನ್ನೊಂದರಲ್ಲಿ ಬಿಳಿ ಪುಡಿ. “ಒರೋಟಿಕ್ ಆಮ್ಲ. ನಮ್ಮ ನಾಲಿಗೆ ಹೊರಳಲ್ಲ, ಒರಟ ಅಂತೀವಿ. ಒರಟ ಬಂತಾ, ಒರಟ ಮುಗೀತಾ, ಹೀಗೆ.”

“ಬೇಡಿ ಹಾಕೋಕೆ ಕೈನೇ ಇಲ್ವಲ್ಲ,” ಎಂದು ಪೇದೆ ಗೊಣಗಿದ.

“ಇದಕ್ಕೂ ಮಗುವಿಗೂ ಏನು?” ನಿಧಾನಮ್ಮ ಕೇಳಿದಳು. ಡಾಕ್ಟರುಗಳು ಎರಡು ಸಲ ವಿವರಿಸಿದ್ದರು. ಎರಡು ಸಲವೂ ತಲೆಯಾಡಿಸಿ, ಮನೆಗೆ ಹೋಗಿ, ಅರ್ಥವಾಗಲಿಲ್ಲವೆಂದು ಒಪ್ಪಿಕೊಂಡಿದ್ದಳು.

“ನಾನು ಓದಿದವನಲ್ಲ, ಕೇಳಿ ತಿಳಿದದ್ದು. ಮೈಯಲ್ಲಿ ಹೊಸ ಜೀವಕೋಶ ಆಗ್ಬೇಕಾದ್ರೆ ಒಳಗೊಂದು ಬರಹ ಇರುತ್ತಂತೆ. ಅದರ ಕೆಲವು ಅಕ್ಷರಕ್ಕೆ ಪಿರಿಮಿಡಿನ್ ಅಂತ ಹೆಸರು. ಅದನ್ನ ಮೈಯೇ ಮಾಡ್ಕೊಳ್ಳುತ್ತೆ. ಮಾಡೋ ದಾರಿಲಿ ನಡುವೆ ಸಿಗೋನು ಈ ಒರಟ. ನಿಮ್ಮ ಮೈಯಲ್ಲೂ ಚೂರು ಇದ್ದಾನೆ, ನನ್ನಲ್ಲೂ ಇದ್ದಾನೆ.”

“ಮಗುವಿನಲ್ಲಿ?”

“ಕೆಲವು ಕೂಸುಗಳಿಗೆ ಹಾಲಿನ ಸಾರ ಕರಗಿ ಉಳಿಯೋ ವಿಷ ಹೊರಗೆ ಹೋಗಲ್ಲ. ಆ ದಾರಿ ಕಟ್ಟಿದಾಗ ಸರಕೆಲ್ಲ ಪಕ್ಕದ ದಾರಿಗೆ ನುಗ್ಗುತ್ತೆ. ಒರಟ ಮೂತ್ರದಲ್ಲಿ ಸುರಿಯುತ್ತೆ. ಅದು ಕಂಡ ತಕ್ಷಣ ಹಾಲು ನಿಲ್ಲಿಸಿ ಔಷಧಿ ಹಾಕ್ಬೇಕು. ಅಲ್ಲಿಂದಾಚೆಗೆ ಗಂಟೆ ಲೆಕ್ಕ.”

ಸತ್ತ ಮಗುವಿನ ಉಳಿದ ಮೂತ್ರವನ್ನು ಬೇರೆ ಕಡೆ ಪರೀಕ್ಷಿಸಿದಾಗ ಒರಟ ಹತ್ತು ಪಟ್ಟು ಸಿಕ್ಕಿತ್ತು. ಇಲ್ಲಿಯ ಪುಟದಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು. ಆ ಪುಟವೇ ಟೆಕ್ನಿಷಿಯನ್ನಳ ಕುತ್ತಿಗೆಗೆ ಬಿದ್ದ ಹಗ್ಗ.

ನಿಧಾನಮ್ಮ ಫೈಲು ಬಿಡಿಸಿದಳು. ಹಾಳೆ ಸೇರಿಸಿ ತೆಗೆಯುವಂಥ, ಎರಡು ಕಂಬಿಯ ಫೈಲು. ನಿನ್ನೆ ಮಧ್ಯಾಹ್ನ ಮೂರನೇ ಸಲ ಓದುವಾಗ ಒಂದು ಕಡೆ ಅವಳ ಬೆರಳು ನಿಂತಿತ್ತು. ಮೊದಲೆರಡು ಸಲ ಹೇಗೆ ದಾಟಿ ಹೋದೆ ಎಂದು ಆಮೇಲೆ ತನ್ನನ್ನು ತಾನೇ ಬೈದುಕೊಂಡಿದ್ದಳು.

“ಅಳತೆಗೆ ಅಂತ ಪ್ರತಿ ಪರೀಕ್ಷೆಗೂ ಮುಂಚೆ ಒರಟನ್ನ ತೂಗಿ ನೀರಲ್ಲಿ ಕರಗಿಸ್ತಾರೆ. ಅಲ್ವಾ?”

“ಹೌದು. ಗೊತ್ತಿರೋದನ್ನ ಪಕ್ಕದಲ್ಲಿ ಇಟ್ಕೊಂಡ್ರೆ ತಾನೆ ಗೊತ್ತಿಲ್ಲದ್ದು ಅಳೆಯೋಕಾಗೋದು.”

“ಹನ್ನೊಂದು ವರ್ಷದ ಪುಟ ನೋಡಿದೆ. ಎಲ್ಲಾ ಕಡೆ ಹದಿನೈದು ಪಾಯಿಂಟ್ ಆರು ಮಿಲಿಗ್ರಾಂ. ಒಂದು ಕಡೆಯೂ ಬದಲಾಗಿಲ್ಲ. ಈ ಮಗುವಿನ ಪರೀಕ್ಷೆಯ ಪುಟದಲ್ಲಿ, ನಾಲ್ಕನೇ ತಾರೀಕಿನದರಲ್ಲಿ ಮಾತ್ರ ಹದಿನೇಳು ಪಾಯಿಂಟ್ ನಾಲ್ಕು. ಯಾಕೆ?”

ಸ್ಟೋರ್ ಮಾಮ ಪುಟಕ್ಕೆ ಮೂಗು ತಾಗುವಷ್ಟು ಬಾಗಿದರು. ಬಾಗಿದವರು ಏಳಲಿಲ್ಲ.

“ಮಾಮ?”

“ತಮಾಷೆ ಮಾಡ್ತಿಲ್ಲ ತಾನೆ ಮೇಡಂ?”

ಅವರು ಖಾಲಿ ಬಾಟಲಿಯನ್ನು ಎಡಕ್ಕೂ ತುಂಬಿದ್ದನ್ನು ಬಲಕ್ಕೂ ಸರಿಸಿದರು. “ಇದು ಹಳೆಯದು. ಒಣ ಒರಟ. ಹದಿನೈದು ಪಾಯಿಂಟ್ ಆರು ತೂಗಿದ್ರೆ ಸರಿ. ಮಾಮೂಲಿ ಕಂಪನಿಯವರ ಹತ್ತಿರ ದಾಸ್ತಾನು ಮುಗಿದು, ಈ ಸಲ ಬೇರೆ ಕಡೆಯಿಂದ ತರಿಸಿದೆ. ಇದು ನೀರು ಹೊತ್ಕೊಂಡು ಬಂದಿರೋ ಒರಟ. ನೋಡೋಕೆ ಒಣಗಿದ ಪುಡಿನೇ. ಆದ್ರೆ ಒಂದೊಂದು ಕಣದ ಬೆನ್ನ ಮೇಲೂ ಒಂದೊಂದು ನೀರಿನ ಮೂಟೆ. ಮೂಟೆ ತೂಕ ಸೇರಿಸಿ ಹದಿನೇಳು ಪಾಯಿಂಟ್ ನಾಲ್ಕು ತೂಗ್ಬೇಕು.”

“ಹೊಸದು ಯಾವಾಗ ಬಂತು?”

ಉತ್ತರ ಬಾಟಲಿಯ ಮೇಲೇ ಇತ್ತು. ಅಂಟಿಸಿದ ಚೀಟಿಯಲ್ಲಿ, ಒತ್ತಿ ಬರೆದ ಅಕ್ಷರದಲ್ಲಿ: ಬಂದ ತಾರೀಕು ಹತ್ತೊಂಬತ್ತು.

“ಹತ್ತೊಂಬತ್ತರ ತನಕ,” ಎಂದರು ಮಾಮ, ಈಗ ತೀರಾ ಮೆಲ್ಲಗೆ, “ಈ ಕಟ್ಟಡದಲ್ಲಿ ಒರಟನ ತೂಕಕ್ಕೆ ಆ ಸಂಖ್ಯೆನೇ ಇರ್ಲಿಲ್ಲ.”

“ಅಂದ್ರೆ ನಾಲ್ಕನೇ ತಾರೀಕಿನ ಪುಟ ಹತ್ತೊಂಬತ್ತರ ಮೇಲೆ ಬರೆದದ್ದು,” ಎಂದ ಪೇದೆ. “ಮೇಡಂ! ಸಿಕ್ಕಿಬಿದ್ರು!”

ನಿಧಾನಮ್ಮನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾರು ಸಿಕ್ಕಿಬಿದ್ದರು ಎಂಬುದು ಇನ್ನೂ ಖಚಿತವಾಗಿರಲಿಲ್ಲ.

*

ಮುಖ್ಯಸ್ಥರ ಕೋಣೆ ಮೂರನೇ ಮಹಡಿಯಲ್ಲಿ. ಲಿಫ್ಟಿಗೆ ‘ದುರಸ್ತಿಯಲ್ಲಿದೆ’ ಎಂಬ ಫಲಕ. ಫಲಕದ ಅಂಚೇ ಹಳತಾಗಿ ಸುರುಟಿಕೊಂಡಿತ್ತು. ಅವಳು ಮಂಡಿ ಹಿಡಿದುಕೊಂಡು ಹತ್ತಿದಳು. ಪ್ರತಿ ತಿರುವಿನಲ್ಲೂ ನಿಂತಳು.

ನೌಕರರು ‘ದೊಡ್ಡೋರು’ ಎನ್ನುತ್ತಿದ್ದ ಆ ಮನುಷ್ಯ ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಹಾಕಿದ ಕಾಗದದಂತಿದ್ದರು. ಮುಂದೆ ಕಾಗದದ ರಾಶಿ. ಒಂದೊಂದಾಗಿ ಸಹಿ ಹಾಕಿ ಪಕ್ಕಕ್ಕೆ ಇಡುತ್ತಿದ್ದರು.

“ಕೂತ್ಕೊಳ್ಳಿ. ಕೈಗೆ ಅದರ ಕೆಲಸ, ಬಾಯಿಗೆ ಇದರ ಕೆಲಸ. ಬೇಜಾರಿಲ್ಲ ತಾನೆ?”

“ಇಲ್ಲ. ನಾಲ್ಕನೇ ತಾರೀಕು ಒರೋಟಿಕ್ ಪರೀಕ್ಷೆಗೆ ಎಷ್ಟು ಮಾದರಿ ಬಂದಿತ್ತು?”

“ಒಂದೇ. ಪುಟದಲ್ಲಿದೆಯಲ್ಲ.”

“ಆ ಪುಟ ನೀವು ಓದಿದ್ದೀರಾ?”

“ಹತ್ತು ಸಲ.”

“ಇನ್ನೊಂದ್ಸಲ ಓದಿ. ತೂಕದ ಸಾಲು.”

ಅವರು ಕನ್ನಡಕ ಏರಿಸಿ ನೋಡಿದರು. ಏನೂ ಕಾಣಲಿಲ್ಲ. ಪೆನ್ನು ಮುಂದಿನ ಸಹಿಯ ಕಡೆಗೆ ಹೊರಟಿತು. ಹೊರಟದ್ದು ಅರ್ಧದಲ್ಲಿ ನಿಂತಿತು.

ಈಗ ಕಂಡಿತ್ತು.

“ಹತ್ತೊಂಬತ್ತಕ್ಕೆ ಬಂದ ಬಾಟಲಿಯ ತೂಕ, ನಾಲ್ಕನೇ ತಾರೀಕಿನ ಪುಟದಲ್ಲಿ,” ಎಂದಳು ನಿಧಾನಮ್ಮ. “ಈ ಹಾಳೆ ಆಮೇಲೆ ಬರೆದು ಸೇರಿಸಿದ್ದು.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಮುಚ್ಚಳ ಕ್ಲಿಕ್ ಎನ್ನುವಷ್ಟರಲ್ಲಿ ಅವರ ಮುಖದಲ್ಲಿ ಮತ್ತೆ ಇಸ್ತ್ರಿ ಬಿದ್ದಿತ್ತು.

“ಭೇಷ್. ಒಪ್ಪಿದೆ. ಈಗ ಹೇಳಿ, ಇದು ಯಾರ ಕೈಬರಹ?”

ನಿಧಾನಮ್ಮ ಪುಟವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ಅವಳದ್ದೇ. ನಿಮ್ಮ ತಜ್ಞರೇ ಹೇಳಿದ್ದಾರೆ. ನಾನು ಪಾಪ, ಕೈತಪ್ಪು ಅಂದ್ಕೊಂಡಿದ್ದೆ. ಈಗ ನೀವೇ ತೋರಿಸ್ತಿದ್ದೀರಿ, ಅವಳು ಪರೀಕ್ಷೆನೇ ಮಾಡಿರ್ಲಿಲ್ಲ. ಮಗು ಸತ್ತು ದೂರು ಬಂದ ಮೇಲೆ ಕೂತು ಪುಟ ಹೊಸೆದಿದ್ದಾಳೆ. ನಿರ್ಲಕ್ಷ್ಯ ಅಲ್ಲಮ್ಮ ಇದು. ಸುಳ್ಳು ದಾಖಲೆ.”

ಮೂರು ಸಲ ಓದಿ, ಬೆರಳಿಟ್ಟು, ತಾನೇ ಹುಡುಕಿದ ಸುಳಿವು. ಅದನ್ನು ಎತ್ತಿ ಕೊಟ್ಟದ್ದೂ ತಾನೇ. ಟೆಕ್ನಿಷಿಯನ್ನಳ ಶಿಕ್ಷೆ ಈಗ ಎರಡು ವರ್ಷದಿಂದ ಏಳು ವರ್ಷಕ್ಕೆ ಏರಿತ್ತು.

ತಲೆ ತಗ್ಗಿಸಿದಾಗ ಕಣ್ಣು ಕಾಗದದ ರಾಶಿಯ ಮೇಲೆ ಬಿತ್ತು. ಅಭ್ಯಾಸಬಲದಿಂದ ಓದಿದಳು. ಇನ್ನೊಮ್ಮೆ ಓದಿದಳು.

“ಇವು ಯಾವ ರೋಗಿಗಳ ವರದಿ?”

“ಮಾಮೂಲಿ.”

“ಹೆಸರೇ ಇಲ್ವಲ್ಲ.”

“ಕೆಳಗೆ ತುಂಬ್ತಾರೆ.”

“ಸಂಖ್ಯೆನೂ ಇಲ್ಲ. ಫಲಿತಾಂಶದ ಜಾಗದಲ್ಲಿ ಸಾಮಾನ್ಯ ಅಂತ ಅಚ್ಚಾಗಿದೆ. ಕೆಳಗೆ ನಿಮ್ಮ ಸಹಿ.” ಅವಳು ಒಂದು ಹಾಳೆ ಎತ್ತಿಕೊಂಡಳು. “ಮೂತ್ರ ಬರೋ ಮುಂಚೆನೇ ಮಗು ಸಾಮಾನ್ಯ.”

“ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಸಾಮಾನ್ಯನೇ ಇರುತ್ತೆ. ಮಿಕ್ಕ ಒಂದಕ್ಕೆ ಬೇರೆ ಹಾಳೆ. ಅದನ್ನ ನಾನೇ ಕೈಯಾರೆ ಬರೀತೀನಿ.”

“ನೀವು ಇಲ್ದಿದ್ದಾಗ?”

ಹೊರಗೆ ಯಾರೋ ಗಾಜಿನ ಪಾತ್ರೆಗಳ ತಳ್ಳುಗಾಡಿ ಎಳೆದುಕೊಂಡು ಹೋದರು. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ನಾಲ್ಕನೇ ತಾರೀಕು ನೀವೆಲ್ಲಿದ್ರಿ ಡಾಕ್ಟ್ರೇ?”

“ಸಮ್ಮೇಳನ. ಏಳನೇ ತಾರೀಕು ವಾಪಸ್ ಬಂದೆ.”

“ಮಗು ಸತ್ತದ್ದು ಆರಕ್ಕೆ.”

“ಮೊದಲೇ ಸಹಿ ಹಾಕಿಡೋದು ಇಲ್ಲಿಯ ಪದ್ಧತಿ. ನಾನು ಬರೋ ಮುಂಚಿನಿಂದಲೂ ಇದೆ. ಪದ್ಧತಿ ಅಪರಾಧ ಅಲ್ಲ. ಸುಳ್ಳು ಪುಟ ಅಪರಾಧ.” ಅವರು ಅವಳ ಕೈಯಿಂದ ಹಾಳೆಯನ್ನು ಮೃದುವಾಗಿ ಬಿಡಿಸಿಕೊಂಡು ರಾಶಿಯಲ್ಲಿ ಇಟ್ಟು, ಅಂಚು ಸರಿಮಾಡಿದರು. “ಇಲ್ಲಿ ನಲವತ್ತು ಜನ ಕೆಲಸ ಮಾಡ್ತಾರೆ. ಬಾಗಿಲು ಮುಚ್ಚಿದ್ರೆ ನಾಳೆಯಿಂದ ಈ ಪರೀಕ್ಷೆ ಎಲ್ಲೂ ಇಲ್ಲ. ಎಷ್ಟು ಕೂಸು ಹೋಗುತ್ತೋ ಅದಕ್ಕೂ ಯಾರಾದ್ರೂ ಪುಟ ಬರೀಬೇಕಾಗುತ್ತೆ. ನೀವೂ ದಣಿದಿದ್ದೀರಿ. ಮುಗಿಸಿಬಿಡಿ.”

ಅವಳು ದಣಿದದ್ದು ನಿಜ. ಅದನ್ನು ಇಷ್ಟು ಕರುಣೆಯಿಂದ ಯಾರೂ ಹೇಳಿರಲಿಲ್ಲ. ಅದಕ್ಕೇ ಮೈ ಉರಿಯಿತು.

ಕೆಳಗಿನ ಮೆಟ್ಟಿಲು ಮುಟ್ಟುವಷ್ಟರಲ್ಲಿ ಮೇಲಧಿಕಾರಿಯ ಫೋನು ಬಂತು. ಸುದ್ದಿ ಅವಳಿಗಿಂತ ಬೇಗ ಇಳಿದಿತ್ತು.

“ಫೋರ್ಜರಿ ಅಂತೆ? ಒಳ್ಳೇ ಕೆಲಸ. ಐದಕ್ಕೆ ಸಹಿ ಆಗ್ಲಿ. ಮತ್ತೆ ಮೂರು ಸಲ ಓದ್ತಾ ಕೂತ್ಕೋಬೇಡಿ.”

*

ಠಾಣೆಯ ಮುಂಗೋಣೆಯ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಟೆಕ್ನಿಷಿಯನ್, ಪ್ರಯೋಗಾಲಯದಲ್ಲಿ ಅವಳನ್ನು ತಾರೀಕಕ್ಕ ಎನ್ನುತ್ತಿದ್ದರು. ಇನ್ನೊಬ್ಬರು ಅವಳ ಅತ್ತೆ. ಅತ್ತೆಯ ಮಡಿಲಲ್ಲಿ ಒಂದು ಚೀಲ: ಎರಡು ಜೊತೆ ಬಟ್ಟೆ, ಟವೆಲು, ಹಲ್ಲುಜ್ಜುವ ಬ್ರಷ್ಷು.

“ಜೈಲಿಗೆ ಅಂತ ನಾನೇ ಕಟ್ಕೊಂಡು ಬಂದೆ,” ಎಂದರು ಅತ್ತೆ. “ಇವಳು ಕಟ್ಟಿದ್ರೆ ಒಂದೊಂದು ಬಟ್ಟೆಗೂ ಚೀಟಿ ಅಂಟಿಸ್ತಿದ್ಲು. ನಮ್ಮನೆ ಸಕ್ಕರೆ ಡಬ್ಬಿ ಮುಚ್ಚಳದ ಮೇಲೂ ತಾರೀಕು ಇದೆ, ಗೊತ್ತಾ? ಒಂದಿನ ನನ್ನ ಹಣೆ ಮೇಲೂ ಬರೀತಾಳೆ ಅಂತ ಕಾಯ್ತಿದ್ದೀನಿ. ಇಂಥವಳು ಪರೀಕ್ಷೆ ಮಾಡಿಲ್ಲ ಅಂತೀರಲ್ಲ, ನಿಮಗೇನಾದ್ರೂ ತಲೆ ನೆಟ್ಟಗಿದೆಯಾ?”

“ಅತ್ತೆ, ಸುಮ್ನಿರಿ.”

“ಸುಮ್ನಿದ್ದೇ ಇಲ್ಲಿ ತನಕ ಬಂದಿದ್ದೀಯ ನೀನು.”

ನಿಧಾನಮ್ಮ ಕುರ್ಚಿ ಎಳೆದುಕೊಂಡು ಎದುರು ಕೂತಳು. ಮೂರೂ ಐವತ್ತು. ಫೈಲು ಬಿಡಿಸಲಿಲ್ಲ.

“ಹದಿನೇಳು ಪಾಯಿಂಟ್ ನಾಲ್ಕು,” ಎಂದಳು ಅಷ್ಟೆ.

ತಾರೀಕಕ್ಕ ತಲೆ ಎತ್ತಿದಳು. ಅವಳ ಕಣ್ಣಿನಲ್ಲಿ ಹೆದರಿಕೆ ಇರಬೇಕಿತ್ತು. ಇದ್ದದ್ದು ಬೇರೆ ಏನೋ. ತುಂಬ ಹೊತ್ತಿನಿಂದ ಬಾಗಿಲು ತಟ್ಟುತ್ತಿದ್ದವರಿಗೆ ಒಳಗಿನಿಂದ ಚಿಲಕ ತೆಗೆಯುವ ಸದ್ದು ಕೇಳಿದಂತೆ.

“ನೋಡಿದ್ರಾ?” ಎಂದಳು. “ಯಾರಾದ್ರೂ ನೋಡ್ತಾರೋ ಇಲ್ವೋ ಅಂದ್ಕೊಂಡಿದ್ದೆ.”

“ಬೇಕಂತ ಬರೆದ್ರಾ?”

“ಹನ್ನೊಂದು ವರ್ಷ ಹದಿನೈದು ಪಾಯಿಂಟ್ ಆರು ತೂಗಿದ ಕೈ ಮೇಡಂ. ನಿದ್ದೆಲೂ ತಪ್ಪಲ್ಲ. ಇಪ್ಪತ್ತನೇ ತಾರೀಕು ದೊಡ್ಡೋರು ಎದುರಿಗೆ ಕೂರಿಸ್ಕೊಂಡು ಬರೆಸಿದ್ರು. ಹಳೇ ಹಾಳೆ ಅವರ ಕೈಲಿತ್ತು. ಬರೆದಾದ ಮೇಲೆ ಮೂರು ಸಲ ಓದಿದ್ರು. ಅವರಿಗೆ ಕಾಣ್ಲಿಲ್ಲ. ಅವರು ತಕ್ಕಡಿ ಮುಟ್ಟಿ ಇಪ್ಪತ್ತು ವರ್ಷ ಆಯ್ತು.”

ಅತ್ತೆ ಸೊಸೆಯ ಕಡೆಗೆ ಪೂರ್ತಿ ತಿರುಗಿ ಕೂತರು.

“ಪೊಲೀಸರಿಗೆ ಮೊದಲೇ ಯಾಕೆ ಹೇಳ್ಲಿಲ್ಲ?”

“ನನ್ನ ತಪ್ಪೂ ಇತ್ತಲ್ಲ.” ತಾರೀಕಕ್ಕ ತನ್ನ ಅಂಗೈ ನೋಡಿಕೊಂಡಳು. “ನಾಲ್ಕನೇ ತಾರೀಕೇ ಪರೀಕ್ಷೆ ಮಾಡಿದೆ. ಒರಟ ಹತ್ತು ಪಟ್ಟು ಬಂತು. ಜಾಸ್ತಿ ಬಂದದ್ದನ್ನ ದೊಡ್ಡೋರೇ ಆಸ್ಪತ್ರೆಗೆ ತಿಳಿಸ್ಬೇಕು, ನಾವು ಬಾಯಿ ಬಿಡೋ ಹಾಗಿಲ್ಲ. ಅದು ನಿಯಮ. ಅವರ ಮೇಜಿನ ಮೇಲೆ ಕೆಂಪು ಚೀಟಿ ಇಟ್ಟು ಮನೆಗೆ ಹೋದೆ. ಅವರು ಊರಲ್ಲಿಲ್ಲ ಅಂತ ಗೊತ್ತಿರ್ಲಿಲ್ಲ. ಕೆಳಗಿನವರು ಸಹಿ ಆಗಿದ್ದ ‘ಸಾಮಾನ್ಯ’ ಹಾಳೆಗೆ ಸಂಖ್ಯೆ ತುಂಬಿ ಕಳಿಸಿಬಿಟ್ರು. ಒಂದು ಫೋನ್ ಮಾಡ್ಬಹುದಿತ್ತು ನಾನು. ನಿಯಮ ಮುರಿದು ಒಂದೇ ಒಂದು ಫೋನ್.”

ಅವಳ ದನಿಯಲ್ಲಿ ಅಳು ಇರಲಿಲ್ಲ. ಅತ್ತು ಖಾಲಿಯಾದ ಮೇಲಿನ ದನಿ ಅದು. ನಿಧಾನಮ್ಮನಿಗೆ ಆ ದನಿಯ ಪರಿಚಯವಿತ್ತು.

“ಇಪ್ಪತ್ತಕ್ಕೆ ಅವರೇನಂದ್ರು?”

“ಒಬ್ಬಳ ಕೆಲಸ ಹೋಗ್ಬೇಕೋ, ನಲವತ್ತು ಜನರದ್ದೋ, ನೀನೇ ಹೇಳು ಅಂದ್ರು. ಹಳೇ ಹಾಳೆಲಿ ಇದ್ದದ್ದನ್ನ ಬದಲಾಯಿಸಿ ಬರೆಸಿದ್ರು. ಮೂವತ್ತೊಂದನೇ ಮಾದರಿಯ ಸಾಲು, ಅಂದ್ರೆ ಸತ್ತ ಕೂಸಿನದು, ಸಾಮಾನ್ಯ ಅಂತ. ಇನ್ನೊಂದು ಸಾಲು ಬೇಡ ಅಂದ್ರು.”

ನಿಧಾನಮ್ಮ ಪೆನ್ನು ಕೆಳಗಿಟ್ಟಳು.

“ಇನ್ನೊಂದು ಸಾಲು ಅಂದ್ರೆ?”

“ಮೂವತ್ತೆರಡರದ್ದು. ಆ ದಿನ ಎರಡು ಮಾದರಿ ಬಂದಿತ್ತಲ್ಲ. ಎರಡೂ ಜಾಸ್ತಿನೇ ಇತ್ತು. ಎರಡನೇದು ಸ್ವಲ್ಪ ಕಮ್ಮಿ ಜಾಸ್ತಿ. ಅಂಥ ಕೂಸುಗಳು ಒಂದೊಂದು ಸಲ ವಾರಗಟ್ಟಲೆ ಚೆನ್ನಾಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಮಂಕಾಗ್ತವೆ.” ನಿಧಾನಮ್ಮನ ಮುಖ ನೋಡಿ ತಾರೀಕಕ್ಕನ ಮಾತು ನಿಧಾನವಾಯಿತು. “ಆ ಮಗುವಿನ ಮನೆಯವರಿಗೆ ದೊಡ್ಡೋರೇ ಫೋನ್ ಮಾಡಿದ್ದಾರೆ ಮೇಡಂ. ಹಾಲು ಬಿಡಿಸಿ ಔಷಧಿ ಶುರುವಾಗಿದೆ, ಮಗು ಆರಾಮಾಗಿದೆ, ಅವರನ್ನ ಯಾಕೆ ಈ ರಂಪಕ್ಕೆ ಎಳೀಬೇಕು, ಅದಕ್ಕೇ ಆ ಸಾಲು ಬೇಡ, ಅಂದ್ರು.”

“ನೀವು ವಿಚಾರಿಸಿದ್ರಾ?”

“ಹೇಗೆ? ನಮಗೆ ಸಂಖ್ಯೆ ಬಿಟ್ರೆ ಹೆಸರೇ ಬರಲ್ಲ. ಹೆಸರಿನ ರಿಜಿಸ್ಟರ್ ಅವರ ಕಪಾಟಿನಲ್ಲಿ.”

“ಒಂದು ಗಂಟೆ ಹಿಂದೆ,” ಎಂದಳು ನಿಧಾನಮ್ಮ, “ಆ ದಿನ ಎಷ್ಟು ಮಾದರಿ ಬಂದಿತ್ತು ಅಂತ ಅವರನ್ನ ಕೇಳಿದೆ. ಒಂದೇ ಅಂದ್ರು.”

ತಾರೀಕಕ್ಕನ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಳು. ನಾಲ್ಕರಿಂದ ಇಪ್ಪತ್ತಾರಕ್ಕೆ. ಬೆರಳು ಮುಗಿದವು, ಎಣಿಕೆ ಮುಗಿಯಲಿಲ್ಲ. ತಟ್ಟನೆ ಎದ್ದು ನಿಂತಳು. ಅತ್ತೆಯ ಮಡಿಲಿನ ಚೀಲ ಕೆಳಗೆ ಬಿತ್ತು.

“ಯಾರೂ ಹೇಳಿಲ್ಲ. ಮೇಡಂ, ಅವರಿಗೆ ಯಾರೂ ಹೇಳಿಲ್ಲ. ಇಪ್ಪತ್ತೆರಡು ದಿನದಿಂದ ಆ ತಾಯಿ ಹಾಲು ಕುಡಿಸ್ತಿದ್ದಾಳೆ. ನನ್ನನ್ನ ಬಂಧಿಸಿ, ಎಷ್ಟು ವರ್ಷ ಬೇಕಾದ್ರೂ ಹಾಕಿ, ಏನಾದ್ರೂ ಮಾಡ್ಕೊಳ್ಳಿ. ಮೊದಲು ರಿಜಿಸ್ಟರ್ ತೆಗೆಸಿ!”

ನಿಧಾನಮ್ಮ ಆಗಲೇ ಫೋನು ಒತ್ತಿದ್ದಳು. ಮೂರನೇ ಮಹಡಿಗಲ್ಲ, ಉಗ್ರಾಣಕ್ಕೆ. ಮೊದಲ ಗಂಟೆಗೇ ಸ್ಟೋರ್ ಮಾಮ ಎತ್ತಿಕೊಂಡರು.

“ಮೇಡಂ, ನಿಮಗೇ ಮಾಡೋನಿದ್ದೆ. ಇಲ್ಲೊಬ್ಬಳು ಹೆಣ್ಣುಮಗಳು ಬಂದಿದ್ಲು. ಕೈಲಿ ಕೂಸು. ಬೆಳಿಗ್ಗೆಯಿಂದ ಏಳ್ತಾನೇ ಇಲ್ಲ, ಹಾಲೂ ಕಕ್ಕುತ್ತೆ, ನೀವೇ ಅಲ್ವಾ ಏನೂ ಇಲ್ಲ ಅಂದೋರು ಅಂತ ರಿಪೋರ್ಟ್ ಹಿಡ್ಕೊಂಡು ಅಳ್ತಿದ್ಲು.”

“ರಿಪೋರ್ಟ್ ಮೇಲೆ ಸಂಖ್ಯೆ ನೋಡಿದ್ರಾ ಮಾಮ?”

“ನೋಡಿದೆ. ಮೂವತ್ತೆರಡು.”

“ಈಗ ಎಲ್ಲಿದ್ದಾಳೆ?”

“ದೊಡ್ಡೋರು ತಾವೇ ಇಳಿದು ಬಂದ್ರು. ಕಂಕುಳಲ್ಲಿ ಆ ದಪ್ಪ ರಿಜಿಸ್ಟರ್. ಹೆದರಬೇಡಮ್ಮ ಅಂತ ಹೇಳಿ, ತಾಯಿ ಮಗು ಇಬ್ಬರನ್ನೂ ತಮ್ಮ ಕಾರಿನಲ್ಲಿ ಕೂರಿಸ್ಕೊಂಡು ಹೊರಟ್ರು. ಐದು ನಿಮಿಷ ಆಯ್ತು.”

“ಆಸ್ಪತ್ರೆಗಾ?”

ಮಾಮನ ಉಸಿರು ಕೇಳಿಸಿತು.

“ಆಸ್ಪತ್ರೆ ಇರೋದು ನಮ್ಮ ಗೇಟು ದಾಟಿ ಎಡಕ್ಕೆ ಮೇಡಂ. ಕಾರು ಬಲಕ್ಕೆ ತಿರುಗ್ತು.”